ನೂರು ನೀರಿನ ತುಪ್ಪ

ಬೆಳಗ್ಗೆ ಪೂಜೆ ಮುಗಿಸಿ ಗುರುದೇವಿ ಹೊರಬಾಗಿಲು ತೆಗೆದಾಗ ನರೇಶ ಗೇಟಿನ ಬಳಿ ನಿಂತಿದ್ದ. ಕಮ್ಮನಹಳ್ಳಿಯ ಹೋಟೆಲೊಂದರಲ್ಲಿ ದೋಸೆ ಹುಯ್ಯುವವನು ಅವನು. ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡಿದ್ದ. ಮಣಿಕಟ್ಟಿನಿಂದ ಮೊಣಕೈವರೆಗೆ ಬೆಳ್ಳಗೆ ಏನೋ ಮೆತ್ತಿತ್ತು. ಗಾಳಿ ಬೀಸಿದಾಗ ಪುದೀನದ ವಾಸನೆ ಬಂತು.

"ಟೂತ್‌ಪೇಸ್ಟ್ ಏನು?" ಎಂದಳು ಗುರುದೇವಿ.

"ತಣ್ಣಗಿರುತ್ತೆ ಅಂತ ಅಡುಗೆ ಭಟ್ರು ಹಚ್ಚಿದ್ರು ಆಂಟಿ. ಈಗ ಅರ್ಧ ಗಂಟೆ ಆಯ್ತು ಅಷ್ಟೇ, ಸೀದಾ ಗಾಡೀಲಿ ಬಂದ್ಬಿಟ್ಟೆ."

"ಹೋದ ವರ್ಷ ಕಾಫಿಪುಡಿ. ಅದರ ಹಿಂದಿನ ವರ್ಷ ಪೆನ್ನಿನ ಇಂಕು. ಈ ಸಲ ಹಲ್ಲುಜ್ಜೂದು. ಯಾಕಪ್ಪಾ, ನಿನ್ನ ಕೈಗೆ ಹಲ್ಲು ಬಂದಾವೇನು?"

ನರೇಶ ನಕ್ಕ. ನಕ್ಕಾಗ ಕೈ ಅಲುಗಿ ಉರಿ ಹತ್ತಿ ಮುಖ ಕಿವುಚಿದ. ಗುರುದೇವಿ ಅವನನ್ನು ಅಂಗಳದ ನಲ್ಲಿಗೆ ಕರೆದೊಯ್ದು ಕೈಯನ್ನು ನೀರಿನ ಕೆಳಗೆ ಹಿಡಿಸಿದಳು. ಪೇಸ್ಟು ತೊಳೆದು ಹೋದ ಮೇಲೆ ಕಂಡ ಗಾಯ ಒಂದು ಬಿಸ್ಕತ್ತಿನಷ್ಟಿತ್ತು.

"ಇಪ್ಪತ್ತು ನಿಮಿಷ ಹಿಂಗ ನಿಲ್ಲು. ಕೈ ತೆಗೀಬ್ಯಾಡ."

"ಇಪ್ಪತ್ತು ನಿಮಿಷಾನಾ? ತಿಂಡಿ ಟೈಮು ಆಂಟಿ, ಓನರ್ ಬೈತಾರೆ. ಸ್ವಲ್ಪ ತುಪ್ಪ ಕೊಟ್ಬಿಡಿ, ಹೋಗ್ಬೇಕು."

"ತುಪ್ಪ ಇವತ್ತಿಲ್ಲ. ಬೊಬ್ಬೆ ಎದ್ದು, ಇಳಿದು, ಗಾಯ ಒಣಗಿದ ಮ್ಯಾಲೆ ಬಾ. ಬೊಬ್ಬೆ ನೀನಾಗಿ ಒಡೀಬ್ಯಾಡ. ದೊಡ್ಡದಾದ್ರ, ಜ್ವರ ಬಂದ್ರ ಇಲ್ಲಿಗಲ್ಲ, ಆಸ್ಪತ್ರೆಗೆ. ತಿಳೀತೇನು?"

"ತಿಳೀತು, ತಿಳೀತು," ಎಂದ ನರೇಶ. ಅವನಿಗೆ ತಿಳಿಯಲಿಲ್ಲವೆಂದು ಗುರುದೇವಿಗೆ ಗೊತ್ತಿತ್ತು. ಎಂಟು ನಿಮಿಷಕ್ಕೆ ನಲ್ಲಿ ನಿಲ್ಲಿಸಿ ಹೋದ.

ಮೂವತ್ತು ವರ್ಷದಿಂದ ಇದೇ ಮಾತು, ಇದೇ ನಲ್ಲಿ. ಜನಕ್ಕೆ ತುಪ್ಪ ಬೇಕು, ನೀರು ಬೇಡ. ನೀರು ಎಲ್ಲರ ಮನೆಯಲ್ಲೂ ಇರುವುದರಿಂದ ಅದು ಔಷಧವೆಂದು ಯಾರಿಗೂ ಅನ್ನಿಸುವುದಿಲ್ಲ. ಹೇಳಿ ಹೇಳಿ ಗುರುದೇವಿಯ ಗಂಟಲು ಬತ್ತಿತ್ತು.

ಅವಳು ಇಳಕಲ್ಲಿನ ಕಡೆಯವಳು. ಮದುವೆಯಾಗಿ ಮರ್ಫಿ ಟೌನಿಗೆ ಬಂದಾಗ ಇಪ್ಪತ್ತೆರಡು ವರ್ಷ. ಗಂಡ ಮಲ್ಲಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಈಗ ನಿವೃತ್ತನಾಗಿ, ಬೆಳಗ್ಗೆ ಪೇಪರು ಮಧ್ಯಾಹ್ನ ಟೀವಿ ಎಂದು ಇದ್ದಾನೆ. ತುಪ್ಪದ ವಿದ್ಯೆ ಅತ್ತೆಯದು. ಊರಿನಿಂದ ಮಗನ ಜೊತೆ ಬರುವಾಗ ಅತ್ತೆ ತಂದದ್ದು ಎರಡೇ ಸಾಮಾನು: ಒಂದು ತಾಮ್ರದ ಹರಿವಾಣ, ಒಂದು ತಾಮ್ರದ ಚೊಂಬು.

ಕೆಲಸ ಬಾಯಲ್ಲಿ ಹೇಳಿದರೆ ಸುಲಭ. ಮನೆಯಲ್ಲಿ ಕಾಸಿದ ಹಸುವಿನ ತುಪ್ಪಕ್ಕೆ ಜಾಜಿ ಎಲೆ, ಬೇವಿನ ಎಲೆಯ ರಸ ಬಿಟ್ಟು ಸಣ್ಣ ಉರಿಯಲ್ಲಿ ನೀರಿನಂಶ ಇಂಗುವ ತನಕ ಕಾಯಿಸಿ ಸೋಸಬೇಕು. ಆರಿದ ಮೇಲೆ ಹರಿವಾಣಕ್ಕೆ ಹಾಕಿ, ತಣ್ಣೀರು ಬಿಟ್ಟು, ಚೊಂಬಿನ ತಳದಿಂದ ತಿಕ್ಕಬೇಕು. ಆ ನೀರು ಚೆಲ್ಲಿ ಹೊಸ ನೀರು ಹಾಕಿ ಮತ್ತೆ ತಿಕ್ಕಬೇಕು. ಹೀಗೆ ನೂರು ಸಲ. ಎಣಿಕೆಗೆ ನೂರು ಹುಣಸೆ ಬೀಜ. ನೀರು ಬದಲಿಸಿದಾಗೊಮ್ಮೆ ಒಂದು ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ, ಬಾಯಲ್ಲಿ ಒಂದು ಶಿವನಾಮ. ಅರವತ್ತರ ಹೊತ್ತಿಗೆ ಭುಜ ಸೋಲುತ್ತದೆ. ಎಂಬತ್ತು ದಾಟಿದ ಮೇಲೆ ತುಪ್ಪ ತುಪ್ಪದ ಹಾಗಿರುವುದಿಲ್ಲ. ಬೆಳ್ಳಗೆ, ಹಗುರವಾಗಿ, ಕೆನೆಯ ಹಾಗೆ ಆಗಿ ಬೆರಳಿಗೆ ತಣ್ಣಗೆ ಹತ್ತುತ್ತದೆ. ಒಣಗಿದ ಸುಟ್ಟಗಾಯ ಬಿಗಿದು ಕೆರೆತ ಬರುವಾಗ ಅದನ್ನು ಹಚ್ಚಿದರೆ ಚರ್ಮ ಮೆತ್ತಗಾಗುತ್ತದೆ. ಅಷ್ಟೇ ಅದರ ಕೆಲಸ. ಅದಕ್ಕಿಂತ ಹೆಚ್ಚಿನದೇನನ್ನೂ ಅತ್ತೆಯೂ ಹೇಳಿರಲಿಲ್ಲ, ಗುರುದೇವಿಯೂ ಹೇಳಿದವಳಲ್ಲ.

ಆದರೆ ತುಪ್ಪದ ಜೊತೆ ಅತ್ತೆ ಕಟ್ಟಳೆಗಳನ್ನೂ ಕೊಟ್ಟಿದ್ದಳು. ಬೇಕಾದವರು ತಮ್ಮ ಡಬ್ಬಿ ತಾವೇ ತರಬೇಕು. ಕೊಡುವವಳು ಕಾಸು ಮುಟ್ಟಬಾರದು. ಬೇರೆಯವರಿಗಾಗಿ ಒಯ್ಯಲು ಬಂದವರು ನಮ್ಮ ಹೊಸ್ತಿಲಿಗೆ ಬಂದಾಗಿನಿಂದ ಗಾಯದವರ ಹಾಸಿಗೆ ಮುಟ್ಟುವ ತನಕ ಬಾಯಿ ಬಿಡಬಾರದು. ಕೊಡುವವಳು ಯಾರಿಗೆ ಎಂದು ಕೇಳಬಾರದು. ಹೆಸರು ಹೇಳಿದರೆ ಬೆಂಕಿ ಕೇಳಿಸಿಕೊಳ್ಳುತ್ತದೆ, ಔಷಧದ ಗುಣ ಹೋಗುತ್ತದೆ.

ಆ ಕಟ್ಟಳೆಗೆ ಸಲ್ಮಾನನಷ್ಟು ನಿಷ್ಠೆಯಿಂದ ನಡೆದುಕೊಂಡವರು ಇನ್ನೊಬ್ಬರಿಲ್ಲ.

ಸಲ್ಮಾನ್ ಶಿವಾಜಿನಗರದ ಹೋಟೆಲಿನಲ್ಲಿ ತಂದೂರಿ ರೊಟ್ಟಿ ಹಾಕುವವನು. ದಿನಕ್ಕೆ ಇನ್ನೂರು ಸಲ ಉರಿಯುವ ಒಲೆಯ ಬಾಯಿಗೆ ಕೈ ಇಳಿಸುವವನ ಮುಂಗೈಯಲ್ಲಿ ಒಂದು ಕೂದಲೂ ಇರಲಿಲ್ಲ. ಎಂಟು ವರ್ಷದ ಹಿಂದೆ ಮೊದಲ ಸಲ ಬಂದಾಗ ಗುರುದೇವಿ ಅವನ ಒಣಗಿದ ಗಾಯಕ್ಕೆ ತಾನೇ ತುಪ್ಪ ಹಚ್ಚಿ, ಕಟ್ಟಳೆಗಳನ್ನಷ್ಟೇ ಹೇಳಿದ್ದಳು. ಅವನು ತಲೆ ಬಗ್ಗಿಸಿ ಕೇಳಿದ್ದ. ಆಮೇಲೆ ಜೊತೆಯ ಕೆಲಸದವರಿಗೆಂದು ತುಪ್ಪ ಒಯ್ಯಲು ಬಂದಾಗಲೆಲ್ಲ ಫೋನು ಆಫ್ ಮಾಡಿ ಬರುತ್ತಿದ್ದ. ಆಟೋ ಹತ್ತಿದರೆ ಎಲ್ಲಿಗೆ ಎಂದು ಹೇಳಬೇಕಲ್ಲ ಎಂದು ಹಲಸೂರು ಕೆರೆ ಬಳಸಿ ಶಿವಾಜಿನಗರದವರೆಗೆ ನಡೆದೇ ಹೋಗುತ್ತಿದ್ದ. ಇದನ್ನು ಅವನೇ ಇನ್ನೊಂದು ದಿನ ಹೇಳಿದಾಗ ಮಲ್ಲಪ್ಪ ಬಿದ್ದು ಬಿದ್ದು ನಕ್ಕಿದ್ದ. ಗುರುದೇವಿ ನಕ್ಕಿರಲಿಲ್ಲ. ಇಷ್ಟು ನಂಬಿದವನ ಕೈ ವಾಸಿಯಾಗದೆ ಇರುತ್ತದೆಯೇ ಎಂದು ಲಿಂಗಪೂಜೆಗೆ ಕೂತಾಗ ಅವನನ್ನೂ ನೆನೆಯುತ್ತಿದ್ದಳು.

ಶ್ರಾವಣದ ಎರಡನೆಯ ಸೋಮವಾರ ಸಲ್ಮಾನ್ ಬಂದ. ಯಾವಾಗಲೂ ತರುವ ಚಿಕ್ಕ ಸ್ಟೀಲ್ ಡಬ್ಬಿಯ ಬದಲು ಊಟದ ಡಬ್ಬಿಯ ಒಂದು ಬಟ್ಟಲು ತಂದಿದ್ದ. ಮಾತಿಲ್ಲ. ಕಣ್ಣು ಕೆಂಪಗಿದ್ದವು. ಒಲೆಯ ಮುಂದೆ ನಿಲ್ಲುವವನ ಕಣ್ಣು ಕೆಂಪಗಿರುವುದು ಹೊಸದೇನಲ್ಲ. ಗುರುದೇವಿ ಬಟ್ಟಲು ತುಂಬಿ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ತಾಗಿಸಿ ಹೋದ.

ಶುಕ್ರವಾರ ಮತ್ತೆ ಬಂದ. ಅದೇ ಬಟ್ಟಲು, ಖಾಲಿ.

ಒಂದು ಬಟ್ಟಲು ತುಪ್ಪ ಒಂದು ಕೈಗೆ ಒಂದು ತಿಂಗಳು ಬರುತ್ತದೆ. ಗುರುದೇವಿ ಬಟ್ಟಲನ್ನು ನೋಡಿದಳು, ಅವನ ಕೈ ನೋಡಿದಳು. ಶರ್ಟಿನ ತೋಳು ಮೊಣಕೈವರೆಗೆ ಮಡಚಿತ್ತು. ಎರಡು ಕೈಯಲ್ಲೂ ಹೊಸ ಗಾಯ ಒಂದೂ ಇರಲಿಲ್ಲ. ಯಾರಿಗಪ್ಪಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಮಾತು ನುಂಗಿ ಬಟ್ಟಲು ತುಂಬಿಸಿದಳು.

ಪೇಪರಿನ ಹಿಂದಿನಿಂದ ಮಲ್ಲಪ್ಪ, "ಇಷ್ಟ ಲಗೂ ಮುಗೀತೇನು? ರೊಟ್ಟಿಗೆ ಸವರಿ ತಿನ್ನಾಕತ್ತಾರೋ ಏನು?" ಎಂದ.

"ಸುಮ್ನಿರ್ರಿ," ಎಂದಳು ಗುರುದೇವಿ. ಸಲ್ಮಾನ್ ಆಗಲೇ ಗೇಟು ದಾಟಿದ್ದ.

ಆ ವಾರ ತಿಕ್ಕುತ್ತಿರುವಾಗ ಚೊಂಬಿನ ತಳ ಸವೆದು ತೂತು ಬಿತ್ತು. ಎರಡು ತಲೆಮಾರು ತಿಕ್ಕಿದ ತಾಮ್ರ, ಇನ್ನೆಷ್ಟು ದಿನ ಬರುತ್ತದೆ. ಬುಧವಾರ ಗುರುದೇವಿ ಹೊಸ ಚೊಂಬು ತರಲು ಶಿವಾಜಿನಗರಕ್ಕೆ ಹೋದಳು. ಪಾತ್ರೆ ಅಂಗಡಿಯಿಂದ ಬರುವಾಗ ಸಲ್ಮಾನನ ಹೋಟೆಲು ದಾರಿಯಲ್ಲೇ ಸಿಕ್ಕಿತು. ತಂದೂರಿನ ಮುಂದೆ ಬೇರೆ ಯಾರೋ ನಿಂತಿದ್ದ.

"ಸಲ್ಮಾನ್ ಇಲ್ಲೇನಪ್ಪಾ?"

"ಸಲ್ಮಾನ್ ಭಾಯ್ ರಜೆ ಅಮ್ಮಾ. ಬೇಟಿ ಮೇಲೆ ಚಾ ಕೆಟಲ್ ಬಿದ್ಬಿಡ್ತು. ಹತ್ ದಿನ ಆಯ್ತು." ಅವನು ಇನ್ನೊಂದು ರೊಟ್ಟಿ ಒಲೆಯೊಳಗೆ ಬಡಿದು, "ಮರ್ಫಿ ಟೌನಿಂದ ಯಾವ್ದೋ ಒಳ್ಳೆ ದವಾ ತಂದಿದ್ದಾರಂತೆ, ವಾಸಿ ಆಗುತ್ತೆ ಬಿಡಿ," ಎಂದ.

ಗುರುದೇವಿಯ ಕೈಯಲ್ಲಿದ್ದ ಹೊಸ ಚೊಂಬು ಒಮ್ಮೆಲೇ ಭಾರವಾಯಿತು. ಮನೆ ಯಾವುದೆಂದು ಕೇಳಿಕೊಂಡು ಎರಡು ಗಲ್ಲಿ ದಾಟಿ, ಕಿರಿದಾದ ಮೆಟ್ಟಿಲು ಹತ್ತಿದಳು.

ಒಂದೇ ಕೋಣೆ. ಚಾಪೆಯ ಮೇಲೆ ನಾಲ್ಕು ವರ್ಷದ ಅಲಿಯಾ ಮಲಗಿದ್ದಳು. ಸಲ್ಮಾನನ ಹೆಂಡತಿ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು. ಮಗುವಿನ ಬಲಗೈಯನ್ನು ಶುಭ್ರವಾದ ಬಿಳಿ ದುಪಟ್ಟಾದ ತುಂಡಿನಲ್ಲಿ ಸುತ್ತಿದ್ದರು. ಬಾಗಿಲಲ್ಲಿ ಗುರುದೇವಿಯನ್ನು ಕಂಡು ಸಲ್ಮಾನ್ ಧಡಕ್ಕನೆ ಎದ್ದ. ಅವನ ಮುಖದಲ್ಲಿ ದೊಡ್ಡ ಸಮಾಧಾನ ಕಂಡಿತು.

"ನೀವೇ ಬಂದ್ಬಿಟ್ರಾ ಅಮ್ಮಾ! ದಿನಕ್ಕೆ ಮೂರ್ ಸಲ ನಿಮ್ ತುಪ್ಪಾನೇ ಹಚ್ತಾ ಇದೀವಿ. ಒಂದ್ ಸಲಾನೂ ತಪ್ಪಿಸಿಲ್ಲ."

ಗುರುದೇವಿ ಬಟ್ಟೆ ಬಿಚ್ಚಿದಳು. ಮೊದಲು ಬಂದದ್ದು ವಾಸನೆ. ಅವಳು ವೈದ್ಯೆಯಲ್ಲ, ಆದರೆ ಆ ವಾಸನೆ ಏನೆಂದು ತಿಳಿಯಲು ವೈದ್ಯೆಯಾಗಬೇಕಿರಲಿಲ್ಲ. ಹಚ್ಚಿದ ತುಪ್ಪದ ಕೆಳಗೆ ಗಾಯ ಹಸಿಯಾಗಿಯೇ ಇತ್ತು, ಹಳದಿಗಟ್ಟಿತ್ತು. ಉಂಗುರದ ಬೆರಳು, ಕಿರುಬೆರಳು ಒಂದಕ್ಕೊಂದು ಅಂಟಿಕೊಂಡು ಅಂಗೈ ಕಡೆಗೆ ಬಾಗಿದ್ದವು. ಮಗುವಿನ ಹಣೆ ಮುಟ್ಟಿದರೆ ಕೆಂಡ.

"ಎರಡ್ ಸಲ ಬಂದ್ಯಲ್ಲೋ ನನ್ನ ಮನಿಗೆ," ಎಂದಳು. "ನನ್ನ ಮುಂದ ನಿಂತಿದ್ದಿ. ಕೂಸಿಗೆ ಅಂತ ಒಂದು ಮಾತು ಹೇಳಾಕ ಬಾಯಿ ಇರಲಿಲ್ಲೇನು ನಿನಗ?"

ಸಲ್ಮಾನ್ ಗೊಂದಲದಿಂದ ಅವಳನ್ನೇ ನೋಡಿದ.

"ನೀವೇ ಹೇಳಿದ್ದಲ್ವಾ ಅಮ್ಮಾ, ಬಾಯಿ ಬಿಟ್ರೆ ದವಾ ಕೆಲಸ ಮಾಡಲ್ಲ ಅಂತ." ತುಪ್ಪದ ಬಟ್ಟಲಿನ ಕಡೆ ಕೈ ತೋರಿಸಿ, "ಎರಡು ಸಲಾನೂ ನಡ್ಕೊಂಡೇ ಬಂದೆ," ಎಂದ.

ಗುರುದೇವಿ ಬಟ್ಟೆಯನ್ನು ಮತ್ತೆ ಸುತ್ತಿದಳು. ಮಗುವನ್ನು ಎತ್ತಿ ಅವನ ಹೆಗಲಿಗೆ ಹಾಕಿ, "ನಡಿ," ಎಂದಳು.

ಕೆಳಗೆ ಆಟೋದವನು ಎಲ್ಲಿಗೆ ಎಂದು ಕೇಳಿದ. ಎರಡು ಸಲ ಕೇಳಿದ. ತಾಯಿ ಅಳುತ್ತಿದ್ದಳು. ಸಲ್ಮಾನ್ ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ತುಪ್ಪದ ಬಟ್ಟಲನ್ನೂ ಹಿಡಿದು ತುಟಿ ಬಿಗಿದು ಕೂತಿದ್ದ. ಬಟ್ಟಲು ಮತ್ತೆ ಕೈಗೆ ಬಂದದ್ದೇ, ಆ ಹೊತ್ತಿನಲ್ಲೂ ಅವನ ಬಾಯಿ ಕಟ್ಟಳೆಗೆ ಕಟ್ಟುಬಿದ್ದಿತ್ತು. ಗುರುದೇವಿ ಬಟ್ಟಲನ್ನು ಅವನ ಕೈಯಿಂದ ಕಿತ್ತುಕೊಂಡು, "ಸುಟ್ಟಗಾಯದ ವಾರ್ಡ್ ಇರೋ ದೊಡ್ಡಾಸ್ಪತ್ರೆಗೆ ನಡೀಪ್ಪಾ!" ಎಂದು ಕೂಗಿದಳು.

ಆಸ್ಪತ್ರೆಯಲ್ಲಿ ಮೊದಲು ಚೀಟಿ ಎಂದರು. ಚೀಟಿಯ ಸಾಲಿನಲ್ಲಿ ನಿಂತರೆ ಆಧಾರ್ ಎಂದರು. ಆಧಾರ್ ತೋರಿಸಿದರೆ ಜೆರಾಕ್ಸ್ ಎಂದರು. ಜೆರಾಕ್ಸ್ ಅಂಗಡಿ ರಸ್ತೆಯ ಆಚೆ. ಸಲ್ಮಾನ್ ಓಡಿ ಹೋಗಿ ಬರುವಷ್ಟರಲ್ಲಿ ಕೌಂಟರಿನವನು ಊಟಕ್ಕೆ ಎದ್ದಿದ್ದ. ಲಿಫ್ಟಿಗೆ ಹಗ್ಗ ಕಟ್ಟಿತ್ತು. ಗುರುದೇವಿ ಪ್ರತಿ ಬಾಗಿಲಲ್ಲೂ, "ಕೂಸು ನೋಡ್ರಿ, ಕೂಸಿನ ಕೈ ನೋಡ್ರಿ," ಎಂದಳು. ಪ್ರತಿ ಬಾಗಿಲೂ ಇನ್ನೊಂದು ಬಾಗಿಲನ್ನು ತೋರಿಸಿತು. ಕೊನೆಗೆ ಮೂರನೆಯ ಮಹಡಿಯಲ್ಲಿ ಒಬ್ಬ ನರ್ಸ್ ಮಗುವಿನ ಕೈ ನೋಡಿ, ಯಾವ ಕಾಗದವನ್ನೂ ಕೇಳದೆ ಒಳಗೆ ಎತ್ತಿಕೊಂಡು ಹೋದಳು.

ಡಾಕ್ಟರ್ ಪ್ರಿಯಂವದಾಗೆ ಮೂವತ್ತೈದರ ಆಸುಪಾಸು. ಗಾಯ ತೊಳೆಯುವಾಗ ಅವರ ಹುಬ್ಬು ಗಂಟಿಕ್ಕಿದ್ದು ಬಿಡಲೇ ಇಲ್ಲ. ಹೊರಗೆ ಬಂದು ಕೈಗವಸು ತೆಗೆಯುತ್ತ ಕೇಳಿದರು, "ಸುಟ್ಟ ತಕ್ಷಣ ನೀರು ಹಾಕಿದ್ರಾ?"

"ಇಲ್ಲ ಮೇಡಂ," ಎಂದ ಸಲ್ಮಾನ್.

"ಅದರ ಮೇಲೆ ಮೆತ್ತಿರೋದೇನು? ಯಾರು ಕೊಟ್ಟಿದ್ದು?"

ಸಲ್ಮಾನ್ ತಲೆ ತಗ್ಗಿಸಿದ. ಹೇಳುವುದಿಲ್ಲವೆಂದು ನಿರ್ಧರಿಸಿದವನ ಹಾಗೆ ನೆಲ ನೋಡುತ್ತ ನಿಂತ.

"ನಾನು," ಎಂದಳು ಗುರುದೇವಿ. ಬಟ್ಟಲು ಇನ್ನೂ ಅವಳ ಕೈಯಲ್ಲೇ ಇತ್ತು. "ತುಪ್ಪ ನನ್ನದು."

ಡಾಕ್ಟರು ಬಟ್ಟಲು ತೆಗೆದು ನೋಡಿದರು, ಮೂಸಿದರು. ಅದರಲ್ಲಿ ಏನೇನಿದೆ ಎಂದು ಕೇಳಿದರು. ಗುರುದೇವಿ ಎಲ್ಲವನ್ನೂ ಹೇಳಿದಳು.

"ಇದು ವಿಷ ಅಂತ ನಾನು ಹೇಳಲ್ಲಮ್ಮ. ಪೂರ್ತಿ ಒಣಗಿದ ಕಲೆಗೆ ಹಚ್ಚಿ ತಿಕ್ಕೋಕೆ ಇರಬಹುದು. ಇದು ಹಸಿ ಗಾಯ. ಮಗುವಿನ ಕೈ. ಕೈ, ಮುಖ, ಕೀಲು ಸುಟ್ಟರೆ ಒಂದು ಗಂಟೆಯೂ ಮನೇಲಿ ಇಟ್ಕೋಬಾರದು. ಜಿಡ್ಡಿನ ಕೆಳಗೆ ಕೀವಾಗಿದೆ. ಚರ್ಮ ಕಸಿ ಮಾಡಲೇಬೇಕು. ಕೈ ಉಳಿಸ್ತೀವಿ. ಆ ಎರಡು ಬೆರಳಿನ ಬಗ್ಗೆ ಈಗ ಮಾತು ಕೊಡಲ್ಲ."

"ಹಸಿ ಗಾಯಕ್ಕ ಹಚ್ಚಬ್ಯಾಡ್ರಿ ಅಂತ ನಾನೂ ಮೂವತ್ತು ವರ್ಷದಿಂದ ಹೇಳಿಕೋತ ಬಂದೀನಿ ಡಾಕ್ಟ್ರೇ," ಎಂದಳು ಗುರುದೇವಿ. "ಯಾರೂ ಕೇಳೂದಿಲ್ಲ."

"ಯಾರಿಗೆ ಹೇಳಿದ್ರಿ?"

ಗುರುದೇವಿ ಬಾಯಿ ತೆರೆದಳು. ನರೇಶನಿಗೆ ಹೇಳಿದ್ದಳು. ತಮ್ಮ ಹಸಿ ಗಾಯ ಹೊತ್ತು ತಾವೇ ಬಂದವರಿಗೆಲ್ಲ ಹೇಳಿದ್ದಳು. ಬೇರೆಯವರಿಗಾಗಿ ಡಬ್ಬಿ ಹಿಡಿದು ಬಂದು ಸುಮ್ಮನೆ ನಿಂತವರಿಗೆ ಒಂದೇ ಒಂದು ಸಲವೂ ಹೇಳಿರಲಿಲ್ಲ. ಅವರು ಮಾತಾಡಬಾರದಾಗಿತ್ತು. ತಾನು ಕೇಳಬಾರದಾಗಿತ್ತು. ಹಾಸಿಗೆ ಬಿಟ್ಟು ಏಳಲಾಗದಷ್ಟು ಸುಟ್ಟವರ ಪರವಾಗಿ ಬರುವವರೇ ಅವರು.

"ಒಯ್ಯಾಕ ಬಂದವರಿಗೆ ಹೇಳಿಲ್ರಿ," ಎಂದಳು.

ಮನೆಗೆ ಬಂದು ಮೂರು ದಿನ ಗುರುದೇವಿ ಹರಿವಾಣ ಮುಟ್ಟಲಿಲ್ಲ. ಪೂಜೆಗೆ ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಅಂಗೈಯ ಮೇಲಿನ ಲಿಂಗದ ಎದುರಿಗೇ ಅತ್ತೆಯ ಜೊತೆ ಜಗಳ. ಏನು ಕಟ್ಟಳೆ ಮಾಡಿಟ್ಟು ಹೋದಿರಿ ನೀವು?

ಅತ್ತೆಯ ಉತ್ತರವೂ ಅವಳಿಗೆ ಗೊತ್ತಿತ್ತು. ಅವಳು ಸೊಸೆಯಾಗಿ ಬಂದ ಮೂರನೆಯ ವರ್ಷ ಒಬ್ಬಳು ಹೆಂಗಸು ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡು ಬಂದು ಹೋದ ಮೇಲೆ, ಯಾರಿಗಂತೆ ಎಂದು ಗುರುದೇವಿ ಕೇಳಿದ್ದಳು. "ಅಕಿ ಮನಿಯಾಗ ಯಾರ್ನೋ ಸ್ಟವ್ ಸುಟ್ಟದ. ಸ್ಟವ್ ತಾನಾಗೇ ಸುಟ್ಟದೋ, ಯಾರಾರ ಸುಟ್ಟಾರೋ," ಎಂದಿದ್ದಳು ಅತ್ತೆ. "ಕೇಳಬ್ಯಾಡ. ನೀ ಕೇಳಿದ ದಿನ ಅವರು ಬರೂದು ನಿಲ್ತದ. ಇಷ್ಟು ತಂಪು ಸಹಿತ ಆ ಜೀವಕ್ಕ ಸಿಗೂದಿಲ್ಲ."

ಅತ್ತೆ ಲಿಂಗೈಕ್ಯಳಾದ ದಿನ ಮೈ ತೊಳೆಯುವಾಗ ಗುರುದೇವಿ ಅವಳ ಎಡಭುಜ ನೋಡಿದ್ದಳು. ಕುಪ್ಪಸದ ತೋಳಿನೊಳಗೆ, ಭುಜದಿಂದ ಬೆನ್ನಿನವರೆಗೆ, ಹಳೆಯ ಸುಟ್ಟ ಕಲೆ. ಹದಿನೇಳು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರೂ ಅತ್ತೆ ಹೇಳಿರಲಿಲ್ಲ. ಗುರುದೇವಿಯೂ ಕೇಳಿರಲಿಲ್ಲ.

ಬೆಂಕಿ ಕೇಳಿಸಿಕೊಳ್ಳುತ್ತದೆ ಎಂದದ್ದು ಬೆಂಕಿಗೆ ಹೆದರಿ ಅಲ್ಲವೆಂದು ಅಂದೇ ಅವಳಿಗೆ ತಿಳಿದಿತ್ತು. ಆದರೂ ತಿಳಿದದ್ದನ್ನು ಪಕ್ಕಕ್ಕಿಟ್ಟು ಕಟ್ಟಳೆಯನ್ನು ಮಾತ್ರ ಹಿಡಿದುಕೊಂಡಿದ್ದಳು.

ನಾಲ್ಕನೆಯ ದಿನ ಗೇಟಿಗೆ ಒಂದು ರಟ್ಟು ಕಟ್ಟಿಸಿದಳು. ಮಲ್ಲಪ್ಪನೇ ದಪ್ಪ ಅಕ್ಷರದಲ್ಲಿ ಬರೆದ: ಯಾರಿಗೆ, ಯಾವಾಗ ಸುಟ್ಟದ್ದು, ಎಲ್ಲಿ ಸುಟ್ಟದ್ದು ಹೇಳಿದರೆ ಮಾತ್ರ ತುಪ್ಪ.

ಮೊದಲು ತಗಾದೆ ಎತ್ತಿದವರು ಎದುರು ಮನೆಯ ಮುನಿರಾಜಪ್ಪ. ಅತ್ತೆಯ ಕಾಲದಿಂದ ನೋಡಿದವರು.

"ಏನ್ ಗುರುದೇವಮ್ಮಾ ಇದು, ರೇಷನ್ ಅಂಗ್ಡಿ ಬೋರ್ಡು? ನಿಮ್ಮತ್ತೆ ಇದ್ದಾಗ ಹಿಂಗಿತ್ತಾ? ಬಾಯಿ ಬಿಟ್ಟು ತಗೊಂಡೋದ್ರೆ ಔಷಧಿ ನಾಟುತ್ತಾ?"

"ಬಾಯಿ ಮುಚ್ಚಿಕೊಂಡು ಒಯ್ದಿದ್ದಕ್ಕ ಒಂದು ಕೂಸಿನ ಕೈ ಹೋಗಾಕತ್ತದ ಅಣ್ಣಾರೆ."

"ಅದು ಅವರವರ ಹಣೇಬರ. ನಿಮ್ ಕೈಗುಣ ಹೋಗುತ್ತೆ, ನೋಡ್ಕೊಳಿ."

"ಹೋಗಲಿ," ಎಂದಳು ಗುರುದೇವಿ. ಬಾಗಿಲು ಬೇಕಾದದ್ದಕ್ಕಿಂತ ಜೋರಾಗಿ ಮುಚ್ಚಿಕೊಂಡಿತು.

ಮರುದಿನ ಒಬ್ಬಳು ಹೆಂಗಸು ಬಂದಳು. ನಲವತ್ತು ದಾಟಿರಬಹುದು. ಕೈಯಲ್ಲಿ ಡಬ್ಬಿ, ಡಬ್ಬಿಯ ಮೇಲೆ ಸೆರಗು. ಯಾರಿಂದಲೋ ಹಳೆಯ ಪದ್ಧತಿ ಕೇಳಿ ಬಂದವಳು, ರಟ್ಟನ್ನು ಓದಿರಲಿಲ್ಲ. ಸುಮ್ಮನೆ ನಿಂತಳು.

"ಯಾರಿಗವ್ವಾ?" ಎಂದಳು ಗುರುದೇವಿ.

ಹೆಂಗಸು ತಲೆ ಎತ್ತಿ ನೋಡಿದಳು.

"ಯಾರಿಗೆ ಸುಟ್ಟದ? ಹೆಂಗ ಸುಡ್ತು?"

ಹೆಂಗಸಿನ ಕೈ ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಂಡಿತು. ಒಂದೇ ಕ್ಷಣ. ತಿರುಗಿ ನಡೆದಳು, ಆಮೇಲೆ ಬೇಗ ಬೇಗ ನಡೆದಳು. ಗುರುದೇವಿ ಗೇಟಿನವರೆಗೆ ಓಡಿದಳು.

"ನಿಲ್ಲವ್ವಾ! ಹೇಳಬ್ಯಾಡ ಬಿಡು! ನೀರು ಹಾಕ್ರಿ, ತಣ್ಣೀರು, ಇಪ್ಪತ್ತು ನಿಮಿಷ! ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ!"

ಬೀದಿಯ ಜನ ತಿರುಗಿ ನೋಡಿದರು. ಆ ಹೆಂಗಸು ತಿರುಗಲಿಲ್ಲ. ತಿರುವಿನಲ್ಲಿ ಮರೆಯಾದಳು. ಗುರುದೇವಿ ವಾರಗಟ್ಟಲೆ ಮಾರ್ಕೆಟ್ಟಿನಲ್ಲಿ, ಬಸ್ ನಿಲ್ದಾಣದಲ್ಲಿ ಆ ಮುಖಕ್ಕಾಗಿ ಹುಡುಕಿದಳು. ಸಿಗಲಿಲ್ಲ.

ಆ ಹೆಂಗಸು ಬಂದು ಹೋದ ದಿನವೇ ಊಟಕ್ಕೆ ಕೂತಾಗ ಮಲ್ಲಪ್ಪ ಮೆಲ್ಲಗೆ, "ಅವ್ವನ ಕಟ್ಟಳೆ ಬರೂ ಅವರ ಬಾಯಿಗೆ ಅಲ್ಲೇನು?" ಎಂದ. "ಕೊಡೂ ಅಕಿ ಹೆಸರು ಕೇಳಬಾರದು ಅಂದಿದ್ಲು. ಮಾತೇ ಆಡಬಾರದು ಅಂದಿಲ್ಲಲ್ಲ."

ಗುರುದೇವಿ ತುತ್ತು ಕೈಯಲ್ಲೇ ಹಿಡಿದು ಅವನನ್ನು ನೋಡಿದಳು. "ಇದನ್ನ ಮೊದಲ ಹೇಳಾಕ ಏನಾಗಿತ್ರಿ ನಿಮಗ?"

"ನೀ ಸುಮ್ನಿರ್ರಿ ಅಂದಿದ್ದಿ," ಎಂದ ಮಲ್ಲಪ್ಪ.

ಅವತ್ತಿನಿಂದ ರಟ್ಟು ಇಳಿಯಿತು. ಯಾರೇ ಡಬ್ಬಿ ಹಿಡಿದು ಸುಮ್ಮನೆ ಬಂದರೂ ಗುರುದೇವಿ ಎದುರಿಗೆ ನಿಂತು ಹೇಳತೊಡಗಿದಳು: "ನೀವು ಬಾಯಿ ಬಿಡಬ್ಯಾಡ್ರಿ, ತಲಿ ಆಡಿಸ್ರಿ ಸಾಕು. ಹೆಸರು ನನಗ ಬ್ಯಾಡ. ಗಾಯ ಹಸಿ ಐತೇನು? ಅಂಗೈಗಿಂತ ದೊಡ್ಡದೇನು? ಸಣ್ಣ ಕೂಸೇನು? ಮುಖ, ಕೈ ಏನು?" ಒಂದಕ್ಕೆ ಹೌದೆಂದು ತಲೆ ಆಡಿದರೂ ತುಪ್ಪವಿಲ್ಲ. ಡಾಕ್ಟರ್ ಪ್ರಿಯಂವದಾ ಬರೆದುಕೊಟ್ಟ ವಾರ್ಡಿನ ನಂಬರಿನ ಚೀಟಿ ಮಾತ್ರ.

ಇದರಿಂದ ಎಲ್ಲ ಸರಿಹೋಯಿತು ಎಂದೇನೂ ಇಲ್ಲ. ಅರ್ಧ ಜನ ಸುಳ್ಳು ತಲೆ ಆಡಿಸುತ್ತಾರೆ, ಅದು ಅವಳಿಗೆ ಗೊತ್ತಾಗುತ್ತದೆ. ಕೆಲವರು ಅಷ್ಟು ಹೊತ್ತು ಮೌನವಾಗಿದ್ದು, ತುಪ್ಪ ಇಲ್ಲವೆಂದ ಕೂಡಲೇ ಬೈಯಲು ಬಾಯಿ ಬಿಡುತ್ತಾರೆ. ಕೆಲವರು ಚೀಟಿಯನ್ನು ಗೇಟಿನ ಹೊರಗೇ ಬಿಸಾಡಿ ಹೋಗುತ್ತಾರೆ. ಗುರುದೇವಿ ಅದನ್ನು ಎತ್ತಿಕೊಂಡು ಬಂದು, ಮಣ್ಣು ಒರೆಸಿ, ಮತ್ತೆ ಡಬ್ಬಿಯಲ್ಲಿಡುತ್ತಾಳೆ. ನರೇಶ ಮೊನ್ನೆ ಅರಿಶಿನ ಹಚ್ಚಿಕೊಂಡು ಬಂದಿದ್ದ.

ಅಲಿಯಾಳ ಕೈಗೆ ಎರಡು ಸಲ ಆಪರೇಷನ್ ಆಯಿತು. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು, ಈಗ ಚರ್ಮ ಕೂಡಿದೆ, ಕಲೆಗೆ ಜಿಡ್ಡು ಹಚ್ಚಿ ತಿಕ್ಕಿ, ಬೆರಳಿಗೆ ದಿನಾ ಕೆಲಸ ಕೊಡಿ, ಚಪಾತಿ ಹಿಟ್ಟು ಹಿಸುಕಿಸಿ ಎಂದರು. ಯಾವ ಜಿಡ್ಡು ಎಂದು ಸಲ್ಮಾನ್ ಕೇಳಿದಾಗ, "ಆ ಅಮ್ಮಂದೇ ಇರಲಿ. ಈಗ ಅದರ ಟೈಮು," ಎಂದರಂತೆ. ಈ ಮಾತನ್ನು ಗುರುದೇವಿಗೆ ಹೇಳುವಾಗ ಸಲ್ಮಾನನ ಮುಖ ಅರಳಿತ್ತು. ಗುರುದೇವಿ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದು, "ಆಟೋದಾಗ ಬಂದ್ಯೋ, ನಡಕೊಂಡು ಬಂದ್ಯೋ?" ಎಂದು ಗದರಿದಳು.

"ಆಟೋ ಅಮ್ಮಾ. ದಾರಿ ಪೂರ್ತಿ ಮಾತಾಡ್ಕೊಂಡೇ ಬಂದೆ."

ಈಗ ಭಾನುವಾರಕ್ಕೊಮ್ಮೆ ಸಲ್ಮಾನ್ ಮಗಳನ್ನು ಕರೆತರುತ್ತಾನೆ. ಚಪಾತಿ ಹಿಟ್ಟು ಅಲಿಯಾಗೆ ಬೇಸರ. ಹರಿವಾಣದ ಮುಂದೆ ಕೂರಿಸಿ ಗುರುದೇವಿ ಅವಳ ಬಲಗೈಗೆ ಹೊಸ ಚೊಂಬು ಹಿಡಿಸುತ್ತಾಳೆ. ಹೆಬ್ಬೆರಳು, ಮತ್ತೆರಡು ಬೆರಳು ಹಿಡಿಯುತ್ತವೆ. ಉಂಗುರದ ಬೆರಳು ಅರ್ಧ ಬಾಗುತ್ತದೆ. ಕಿರುಬೆರಳು ಕಡ್ಡಿಯ ಹಾಗೆ ಹೊರಗೇ ನಿಲ್ಲುತ್ತದೆ. ಹೋದ ಭಾನುವಾರ ಹತ್ತು ನೀರು ಆಗಿತ್ತು. ಹನ್ನೊಂದನೆಯದಕ್ಕೆ ಚೊಂಬು ಜಾರಿ ಬಿದ್ದು ನೀರೆಲ್ಲ ಮೈಮೇಲೆ ಹಾರಿತು.

"ಆಗಲ್ಲ! ಆಗಲ್ಲ ನಂಗೆ!" ಅಲಿಯಾ ಎಡಗೈಯಿಂದ ಎರಡೂ ಬಟ್ಟಲನ್ನು ತಳ್ಳಿಬಿಟ್ಟಳು. ನೂರು ಹುಣಸೆ ಬೀಜ ಅಂಗಳದ ತುಂಬ ಉರುಳಿದವು.

"ಏ, ಅಲಿಯಾ!" ಎಂದು ಸಲ್ಮಾನ್ ಎದ್ದ.

"ಬೈಬ್ಯಾಡ," ಎಂದಳು ಗುರುದೇವಿ. "ನನಗೂ ಹಂಗೇ ಎಲ್ಲಾ ತಳ್ಳಿಬಿಡಬೇಕು ಅನಸ್ತದ."

ಅಷ್ಟರಲ್ಲಿ ಗೇಟಿನ ಬಳಿ ಒಬ್ಬ ಮುದುಕ ಡಬ್ಬಿ ಹಿಡಿದು ಬಂದು ಸುಮ್ಮನೆ ನಿಂತ. ಗುರುದೇವಿ ಎದ್ದು ಹೋದಳು. ಹಸಿ ಐತೇನು ಎಂದು ಕೇಳಿದಳು. ಮುದುಕ ಹೌದೆಂದು ತಲೆ ಆಡಿಸಿ ಡಬ್ಬಿ ಮುಂದೆ ಚಾಚಿದ. ಚೀಟಿ ಕೊಟ್ಟಳು. ಅವನು ಚೀಟಿಯನ್ನೂ ಅವಳನ್ನೂ ನೋಡಿದ, ಖಾಲಿ ಡಬ್ಬಿಯನ್ನು ಇನ್ನೊಮ್ಮೆ ಚಾಚಿದ. ಗುರುದೇವಿ ಇನ್ನೊಮ್ಮೆ ಹೇಳಿದಳು. ಅವನು ಮತ್ತೆ ಚಾಚಿದ. ಮೂರನೆಯ ಸಲ ಹೇಳುವಾಗ ಅವಳ ಧ್ವನಿ ಏರಿತ್ತು. ಮುದುಕ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೋದ. ಆಸ್ಪತ್ರೆಗೆ ಹೋದನೋ ಮನೆಗೆ ಹೋದನೋ ತಿಳಿಯುವ ದಾರಿ ಇರಲಿಲ್ಲ.

ಹಿಂದಿರುಗಿ ಬಂದಾಗ ಸಲ್ಮಾನ್ ಮೊಣಕಾಲೂರಿ ಬೀಜಗಳನ್ನು ಆರಿಸುತ್ತಿದ್ದ. ಅಲಿಯಾ ಮುಖ ಊದಿಸಿಕೊಂಡೇ ಚೊಂಬನ್ನು ಮತ್ತೆ ಕೈಗೆ ತೆಗೆದುಕೊಂಡಿದ್ದಳು. ಉಂಗುರದ ಬೆರಳು ತಾಮ್ರಕ್ಕೆ ತಾಗಿತ್ತು. ಕಿರುಬೆರಳು ತಾಗಿರಲಿಲ್ಲ.

"ಎಷ್ಟಾಗಿತ್ತು?" ಎಂದು ಅಲಿಯಾ ಕೇಳಿದಳು.

ಹತ್ತೋ ಹನ್ನೊಂದೋ, ಗುರುದೇವಿಗೆ ನೆನಪಾಗಲಿಲ್ಲ. ಹರಿವಾಣಕ್ಕೆ ಹೊಸ ನೀರು ಬಿಟ್ಟು, ಖಾಲಿ ಬಟ್ಟಲಿಗೆ ಒಂದು ಬೀಜ ಹಾಕಿ, ಒಂದರಿಂದ ಎಣಿಸತೊಡಗಿದಳು.